ಎಣ್ಣೆ ಪೈಪಿನ ಮೇಲೆ ಅರ್ಧ ಗೆರೆ

ಹಸಿರು ಕಾರು ಕಡ್ಲೆಕಾಯಿ ಹೊಲದೊಳಗೆ ಮೂತಿ ಊರಿ ನಿಂತಿತ್ತು. ಡಾಂಬರು ರಸ್ತೆಯಿಂದ ಅಲ್ಲಿಯವರೆಗೂ ಕಪ್ಪು ಎಣ್ಣೆಯ ಪಟ್ಟೆ. ಬೇವಿನ ಮರದ ಬುಡದಲ್ಲಿ ಚಳ್ಳಕೆರೆಯ ಎಣ್ಣೆ ಮಿಲ್ಲಿನ ಮಾಲೀಕ ಬೊಮ್ಮಲಿಂಗಪ್ಪ ಎಡ ಹೆಗಲು ಹಿಡಿದುಕೊಂಡು ಕೂತಿದ್ದ. ಹೆಗಲ ಮೂಳೆ ಮುರಿದಿತ್ತು. ಬಾಯಿ ಮಾತ್ರ ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು.

"ಬರ್ಕಳ್ರಿ ದಫೇದಾರ್ರೇ. ಮೆಕ್ಯಾನಿಕ್ ರಾಜಣ್ಣ ನನ್ನ ಜೀವ ತೆಗೆಯಾಕೆ ನೋಡ್ಯಾನೆ. ಹೊಸಾ ಪೈಪ್ ಅಂತ ಹೇಳಿ ಲಡ್ಡಾದ ಪೈಪ್ ಹಾಕ್ಯಾನೆ."

೧೯೯೮ರ ನವೆಂಬರ್ ತಿಂಗಳ ಒಂದು ಭಾನುವಾರ, ಬೆಳಗ್ಗೆ ಹನ್ನೊಂದು ಗಂಟೆ. ರಾಂಪುರ ಇನ್ನು ಆರು ಕಿಲೋಮೀಟರ್ ಇತ್ತು. ದಫೇದಾರ್ ಜುಂಜಣ್ಣ ಹೇಳಿದ್ದನ್ನೆಲ್ಲ ಬರೆದುಕೊಂಡ. ದಾರಿಯಲ್ಲಿ ಎಲ್ಲಾದರೂ ನಿಲ್ಲಿಸಿದ್ದಿರಾ ಎಂದು ಕೇಳಿದ. ಎಲ್ಲೂ ಇಲ್ಲ, ಚಳ್ಳಕೆರೆ ಬಿಟ್ಟವನು ಇಲ್ಲಿಗೇ ಬಂದೆ, ಪೈಪು ಒಮ್ಮೆಲೇ ಒಡೆಯಿತು ಎಂದ ಬೊಮ್ಮಲಿಂಗಪ್ಪ. ಜುಂಜಣ್ಣ ಅದನ್ನೂ ಬರೆದುಕೊಂಡ.

ಆ ಸೀಮೆಯಲ್ಲಿ ಆ ಕಾರನ್ನು ಅರಿಯದವರಿಲ್ಲ. ಎರಡೇ ಸೀಟು, ಮೇಲೆ ಮುಚ್ಚಿಗೆಯಿಲ್ಲ, ಉದ್ದ ಮೂತಿ. ಬೊಮ್ಮಲಿಂಗಪ್ಪನ ತಂದೆ ಐವತ್ತರ ದಶಕದಲ್ಲಿ, ಗಣಿ ಕೆಲಸ ಬಿಟ್ಟು ತನ್ನ ದೇಶಕ್ಕೆ ಹೊರಟಿದ್ದ ಬಿಳಿ ಇಂಜಿನಿಯರನೊಬ್ಬನಿಂದ ಕೊಂಡದ್ದು. ಹಿರಿಯರು ಕೂತು ಮಾಡಿದ ಪಾಲಿನಲ್ಲಿ ಮಿಲ್ಲು ಬೊಮ್ಮಲಿಂಗಪ್ಪನಿಗೆ ಉಳಿಯಿತು. ಕಾರು ರಾಂಪುರದಲ್ಲಿದ್ದ ಅಕ್ಕ ಶಾರದಮ್ಮನಿಗೆ ಹೋಯಿತು. ಈ ಭಾನುವಾರ ಅದನ್ನು ಓಡಿಸಿಕೊಂಡು ಹೋಗಿ ಅಕ್ಕನ ಕೈಗೆ ಒಪ್ಪಿಸಬೇಕೆಂದು ಮಾತಾಗಿತ್ತು.

ಇಂಜಿನ್ನಿನ ಆಯಿಲು ಮುಂದಿನ ಜಾಲರಿಯ ಹಿಂದೆ ಹೋಗಿ ತಣ್ಣಗಾಗಿ ಬರಲು ಎರಡು ರಬ್ಬರ್ ಪೈಪುಗಳಿದ್ದವು. ಎರಡೂ ಸೋರುತ್ತಿದ್ದವು, ರಿಪೇರಿ ಮಾಡಿಸಿಯೇ ಒಪ್ಪಿಸಬೇಕೆಂದು ಹಿರಿಯರು ಹೇಳಿದ್ದರು. ಗುರುವಾರ ರಾಜಣ್ಣ ಮಿಲ್ಲಿನ ಕಾಂಪೌಂಡಿಗೇ ಬಂದು ಎರಡನ್ನೂ ಬದಲಾಯಿಸಿ ಹೋಗಿದ್ದ. ಭಾನುವಾರ ಕೆಳಗಿನದು ಸೀಳಿತು. ಆಯಿಲು ಪೂರ್ತಿ ಹೊರಗೆ ಹೋಯಿತು, ಇಂಜಿನ್ ಕಚ್ಚಿಕೊಂಡಿತು, ಕಾರು ಹೊಲಕ್ಕೆ ನುಗ್ಗಿತು. ಲೆಕ್ಕಕ್ಕೆ ಎಲ್ಲ ಸರಿಯಾಗಿತ್ತು.

ಆದರೆ ಜುಂಜಣ್ಣ ನನ್ನಿವಾಳದ ಕಡೆಯ ಹಟ್ಟಿಯಲ್ಲಿ ಹುಟ್ಟಿದವನು. ಪೊಲೀಸ್ ಕೆಲಸಕ್ಕೆ ಸೇರುವವರೆಗೂ ಕುರಿ ಕಾಯ್ದವನು. ತಪ್ಪಿಸಿಕೊಂಡ ಕುರಿ ಹುಡುಕುವಾಗ ಎಲ್ಲಿಗೆ ಹೋಯಿತು ಎಂದು ಮುಂದೆ ಓಡಬಾರದು, ಎಲ್ಲಿಂದ ತಪ್ಪಿತು ಎಂದು ಹಿಂದಕ್ಕೆ ನಡೆಯಬೇಕು. ಮೂವತ್ತು ವರ್ಷದ ನೌಕರಿಯಲ್ಲಿ ಅವನು ಮನುಷ್ಯರನ್ನು ಅಷ್ಟಾಗಿ ನಂಬಿದ್ದಿಲ್ಲ, ನೆಲವನ್ನು ನಂಬಿದ್ದ. ಗಾಯಾಳುವನ್ನು ಜೀಪಿನಲ್ಲಿ ಆಸ್ಪತ್ರೆಗೆ ಕಳಿಸಿ, ತಾನು ಚಳ್ಳಕೆರೆಯ ದಿಕ್ಕಿಗೆ ಕಾಲೆಳೆದುಕೊಂಡು ಹೊರಟ.

*

ಪಟ್ಟೆ ಮುಗಿದ ಮೇಲೂ ರಸ್ತೆಯಲ್ಲಿ ಎಣ್ಣೆಯ ಹನಿಗಳಿದ್ದವು. ಮಾರಿಗೊಂದು ಹನಿ. ಒಂದೂವರೆ ಕಿಲೋಮೀಟರ್ ಹಿಂದೆ, ರಸ್ತೆಯ ಅಂಚಿನಲ್ಲಿ, ಹನಿಗಳೆಲ್ಲ ಒಂದೇ ಕಡೆ ಬಿದ್ದು ಅಂಗೈಯಗಲದ ಮಡು ಕಟ್ಟಿತ್ತು. ಕಾರು ಅಲ್ಲಿ ನಿಂತಿತ್ತು. ಇನ್ನೂ ಹಿಂದೆ ಹೋದರೆ ಅಂಥದ್ದೇ ಇನ್ನೊಂದು.

ಅಲ್ಲೇ ಜಾಲಿಯ ನೆರಳಲ್ಲಿ ಕುರಿ ಬಿಟ್ಟುಕೊಂಡಿದ್ದ ಕೆಂಚಕ್ಕ ಸಿಕ್ಕಳು. ಹಸಿರು ಕಾರು ನೋಡಿದೆಯಾ ಎಂದರೆ, ನೋಡದೆ ಏನು, ಅದರ ಸದ್ದಿಗೆ ಕುರಿಯೆಲ್ಲ ಚೆದುರಿ ಹೋದವು ಎಂದು ಬೈದುಕೊಂಡಳು.

"ಇಲ್ಲಿ ನಿಂತಿತ್ತೇನವ್ವ?"

"ನಿಂತಿತ್ತು ಕಣಪ್ಪ. ಇಳಿದು ಕೆಳಗಡೆ ಬಗ್ಗಿ ನೋಡ್ದ. ಡಬ್ಬದಾಗಿಂದ ಎಣ್ಣೆ ಹುಯ್ಕಂಡ. ಮತ್ತೆ ಹೋದ. ಅಗಾ, ಆ ತಿರುವಿನಾಗೂ ಇಳಿದ."

"ಗಾಬರಿ ಆಗಿದ್ನಾ?"

"ಯಾಕೆ ಗಾಬರಿ? ಕುರೀಗೆ ನೀರು ಕುಡಿಸಿದಂಗೆ ಕುಡಿಸ್ದ, ಹೋದ."

ಜುಂಜಣ್ಣ ವಾಪಸು ಬಂದು ಕಾರಿನ ಸೀಟಿನ ಹಿಂದೆ ಕೈ ಹಾಕಿದ. ಐದು ಲೀಟರಿನ ಆಯಿಲ್ ಡಬ್ಬ ಸಿಕ್ಕಿತು. ತಳದಲ್ಲಿ ಸ್ವಲ್ಪ ಉಳಿದಿತ್ತು.

*

ಸಂಜೆಗೆ ರಾಜಣ್ಣ ರಾಂಪುರ ಠಾಣೆಯ ಬೆಂಚಿನ ಮೇಲಿದ್ದ. ಸಬ್ ಇನ್ಸ್‌ಪೆಕ್ಟರ್ ಹೊಸಬ, ಅವಸರದವನು. ದೂರು ಬಂದಿದೆ, ಪೈಪು ಒಡೆದಿದೆ, ಹಾಕಿದವನು ಕೂತಿದ್ದಾನೆ, ನಾಳೆ ಸಂಜೆಯೊಳಗೆ ಕೋರ್ಟಿಗೆ ಕಳಿಸೋಣ ಎಂದ. ಅಷ್ಟರವರೆಗೆ ನನಗೆ ಬಿಡಿ ಸಾರ್ ಎಂದು ಜುಂಜಣ್ಣ ಕೇಳಿಕೊಂಡ.

ರಾಜಣ್ಣ ಅಳುತ್ತಿರಲಿಲ್ಲ. ಅಳುವುದಕ್ಕಿಂತ ಕಷ್ಟದಲ್ಲಿದ್ದ. ಜೈಲಿಗೆ ಹೋಗಿ ಬರುವುದು ದೊಡ್ಡದಲ್ಲ, ಕೆಟ್ಟ ಪೈಪು ಹಾಕಿದವನು ಅಂತ ಹೆಸರು ಬಂದರೆ ಇಪ್ಪತ್ತೆರಡು ವರ್ಷದ ಗ್ಯಾರೇಜಿಗೆ ಯಾರೂ ಸೈಕಲ್ಲನ್ನೂ ತರುವುದಿಲ್ಲ ಎಂದ. ಜುಂಜಣ್ಣ ಅವನನ್ನು ಠಾಣೆಯ ಅಂಗಳಕ್ಕೆ ಎಳೆದು ತಂದಿದ್ದ ಕಾರಿನ ಹತ್ತಿರ ಕರೆದೊಯ್ದ. ಇಬ್ಬರೂ ನೆಲದ ಮೇಲೆ ಅಂಗಾತ ಮಲಗಿ ಒಳಗೆ ಸರಿದರು.

ಸೀಳಿದ ಪೈಪನ್ನು ಬೆರಳಿನಿಂದ ಒತ್ತಿದ ರಾಜಣ್ಣನ ಮುಖ ಬದಲಾಯಿತು.

"ಇದು ನಂದಲ್ಲ ದಫೇದಾರ್ರೇ. ನಾನ್ ಹಾಕಿದ್ದಕ್ಕೆ ಒಳಗೆ ತಂತಿ ಹೆಣಿಗೆ ಐತೆ. ಮ್ಯಾಲಿನದು ನೋಡ್ರಿ, ಅದು ನಂದು. ಗೆರೆನೂ ಐತೆ."

"ಯಾವ ಗೆರೆ?"

ಅವನು ತೋರಿಸಿದ. ಮೇಲಿನ ಪೈಪಿನ ಕ್ಲಿಪ್ಪಿನಿಂದ ಪೈಪಿನ ಮೇಲಕ್ಕೆ ಹಾದ ಸಣ್ಣ ಕೆಂಪು ಗೆರೆ. ಕ್ಲಿಪ್ ಬಿಗಿದ ಮೇಲೆ ಮಗಳು ಸ್ವಪ್ನಳ ನೇಲ್ ಪಾಲಿಶ್‌ನಿಂದ ಗೆರೆ ಎಳೆಯುವುದು ಅವನ ಪದ್ಧತಿ. ಮುಂದೆಂದಾದರೂ ಕ್ಲಿಪ್ ಸಡಿಲವಾದರೆ ಗೆರೆ ಮುರಿದು ತೋರುತ್ತದೆ. ಮಲಗಿ ನೋಡುವವನಿಗೆ ಕಾಣಲೆಂದು ಕೆಳಮೈಯಲ್ಲೇ ಎಳೆಯುತ್ತಿದ್ದ. ಈಗ ಕೆಳಗಿನ ಪೈಪಿಗೆ ಟಾರ್ಚ್ ಬಿಟ್ಟರು. ಕ್ಲಿಪ್ಪಿನ ಮೇಲೆ ಅರ್ಧ ಗೆರೆ ಇತ್ತು. ಪೈಪಿನ ಮೇಲೆ ಏನೂ ಇರಲಿಲ್ಲ.

ಜುಂಜಣ್ಣ ಪೈಪು ಬಿಚ್ಚಿಸಿ ಮೂಗಿಗೆ ಹಿಡಿದ. ಇಂಜಿನ್ ಆಯಿಲಿನ ಕೆಳಗೆ ಇನ್ನೊಂದು ವಾಸನೆ ಇತ್ತು, ಚಳ್ಳಕೆರೆ ಬಸ್ಸಿಳಿದವರಿಗೆಲ್ಲ ಗೊತ್ತಿರುವ ವಾಸನೆ. ಕಮಟು ಹಿಡಿದ ಕಡ್ಲೆಕಾಯಿ ಎಣ್ಣೆ.

*

ಸೋಮವಾರ ಬೆಳಗಿನ ಮೊದಲ ಬಸ್ಸಿಗೆ ಜುಂಜಣ್ಣ ಚಳ್ಳಕೆರೆಯಲ್ಲಿದ್ದ. ಮೊದಲು ಹುಡುಕಿದ್ದು ಮುತ್ತುರಾಜನನ್ನು. ಅವನೂ ಮೆಕ್ಯಾನಿಕ್. ಹಸಿರು ಕಾರಿನ ಕೆಲಸ ರಾಜಣ್ಣನಿಗೆ ಹೋಯಿತೆಂದು ಚಹಾದ ಅಂಗಡಿಯಲ್ಲಿ ಕೂಗಾಡಿದ್ದ, ಗುರುವಾರ ಸಂಜೆ ಮಿಲ್ಲಿನ ಕಾಂಪೌಂಡಿನಲ್ಲೂ ಇದ್ದ. ಹೊಟ್ಟೆಕಿಚ್ಚು ಇದ್ದೇ ಇತ್ತು, ಅದನ್ನವನು ಮುಚ್ಚಿಡಲೂ ಇಲ್ಲ. ಆದರೆ ಗುರುವಾರ ಅವನು ಮಿಲ್ಲಿನ ಲಾರಿಯ ಬ್ರೇಕ್ ನೋಡಿ ಹೊರಟಾಗ ರಾಜಣ್ಣ ಇನ್ನೂ ಕಾರಿನ ಕೆಳಗೇ ಇದ್ದ. ಮಾರನೆಯ ದಿನ ಬೆಳಗ್ಗೆಯೇ ದಾವಣಗೆರೆಗೆ ಹೋದವನು ವಾಪಸಾದದ್ದು ಭಾನುವಾರ. ಬಸ್ ಏಜೆಂಟನೂ ಹೌದೆಂದ.

"ರಾಜಣ್ಣ ನಂಗಾಗಲ್ಲ," ಎಂದ ಮುತ್ತುರಾಜ. "ಆದ್ರೆ ಅವ್ನು ಕೆಟ್ಟ ಪೈಪ್ ಹಾಕಾನಲ್ಲ ಬಿಡ್ರಿ."

ಅಲ್ಲಿಂದ ಜುಂಜಣ್ಣ ಬೊಮ್ಮಲಿಂಗಪ್ಪನ ಮಿಲ್ಲಿಗೇ ಹೋದ. ಎಣ್ಣೆ ಸೋಸುವ ಯಂತ್ರದಿಂದ ಟ್ಯಾಂಕಿಗೆ ಗೋಡೆಗುಂಟ ಕಪ್ಪು ರಬ್ಬರ್ ಪೈಪು ಹಾದಿತ್ತು. ನಡುವೆ ಒಂದು ಮೊಳದಷ್ಟು ಮಾತ್ರ ಹೊಳೆಯುವ ಹೊಸ ತುಂಡು, ಎರಡೂ ಕಡೆ ಜೋಡಣೆ.

ಕಸ ಗುಡಿಸುತ್ತಿದ್ದ ಯರ್ರಮ್ಮನನ್ನು ಕೇಳಿದ. ಗುರುವಾರ ಗುಡಿಸುವಾಗ ಪೈಪು ಇಡಿಯಾಗಿತ್ತು, ಶನಿವಾರ ಬಂದಾಗ ತೇಪೆ ಬಿದ್ದಿತ್ತು ಎಂದಳು. ಶುಕ್ರವಾರ ಮಿಲ್ಲಿಗೆ ರಜೆ.

"ರಜಾ ದಿನ ಬೀಗದಕೈ ಯಾರತ್ರ ಇರ್ತೈತಮ್ಮ?"

"ಸಾವ್ಕಾರ್ರ ಸೊಂಟದಾಗೆ."

ಸಾಕ್ಷಿಗೆ ಇಬ್ಬರು ಪಂಚರನ್ನು ಕರೆಸಿ ಜುಂಜಣ್ಣ ಆ ಹೊಸ ತುಂಡನ್ನು ಬಿಚ್ಚಿಸಿದ. ಗೋಡೆಯ ಕಡೆ ತಿರುಗಿದ್ದ ಮೈಯಲ್ಲಿ, ತುದಿಯಲ್ಲಿ, ಕೆಂಪು ಬಣ್ಣದ ಅರ್ಧ ಗೆರೆ ಇತ್ತು.

*

ಮಧ್ಯಾಹ್ನ ಮೂರಕ್ಕೆ ರಾಂಪುರದಲ್ಲಿ ಶಾರದಮ್ಮನ ಮನೆಯ ಪಡಸಾಲೆ. ಕಟ್ಟು ಹಾಕಿಸಿಕೊಂಡ ಬೊಮ್ಮಲಿಂಗಪ್ಪ ಮಂಚದ ಮೇಲೆ, ಸಬ್ ಇನ್ಸ್‌ಪೆಕ್ಟರ್ ಕುರ್ಚಿಯಲ್ಲಿ, ರಾಜಣ್ಣ ಬಾಗಿಲ ಬಳಿ. ಊರಿಗೆಲ್ಲ ತನ್ನ ಟ್ರ್ಯಾಕ್ಟರ್ ತಾನೇ ಓಡಿಸುವ ಹೆಂಗಸು ಎಂದು ಹೆಸರಾಗಿದ್ದ ಶಾರದಮ್ಮ ಕಂಬಕ್ಕೊರಗಿ ನಿಂತಿದ್ದಳು.

ಜುಂಜಣ್ಣ ಪೇಪರಿನಲ್ಲಿ ಸುತ್ತಿ ತಂದಿದ್ದ ಪೈಪಿನ ತುಂಡು ಬಿಚ್ಚಿ, ಕಾರಿನ ಕ್ಲಿಪ್ಪನ್ನು ಅದರ ತುದಿಗೆ ಕೂರಿಸಿದ. ಎರಡು ಅರ್ಧ ಗೆರೆ ಸೇರಿ ಒಂದಾಯಿತು.

ರಾಜಣ್ಣ ಹಾಕಿದ ಪೈಪು ಇದು, ಶುಕ್ರವಾರ ಬೀಗ ಹಾಕಿದ್ದ ಮಿಲ್ಲಿನೊಳಗೆ ಇದನ್ನು ತೆಗೆದು ಮಿಲ್ಲಿನ ಪೈಪಿಗೆ ಜೋಡಿಸಿದ್ದಾರೆ, ಮಿಲ್ಲಿನ ಹಳೇ ತುಂಡನ್ನು ಕೊಯ್ದು ಕಾರಿಗೆ ಹಾಕಿದ್ದಾರೆ ಎಂದ. ಮೇಲಿನಿಂದ ಕೈ ಹಾಕಿ ಬಿಚ್ಚಿದವರಿಗೆ ಕೆಳಮೈಯ ಗೆರೆ ಕಂಡಿಲ್ಲ. ಶನಿವಾರ ಮಿಲ್ಲು ನಿಲ್ಲಬಾರದಲ್ಲ, ಅದಕ್ಕೆ ಹೊಸ ಪೈಪನ್ನು ಬಿಸಾಡುವ ಬದಲು ಅಲ್ಲಿಗೇ ತೇಪೆ ಹಾಕಿದ್ದಾರೆ.

"ತನ್ನ ಕಾರಿಗೆ ತಾನೇ ಕೆಟ್ಟ ಪೈಪು ಹಾಕಿ, ತಾನೇ ಕೂತು ಓಡಿಸೋರುಂಟೇನ್ರಿ?" ಎಂದ ಸಬ್ ಇನ್ಸ್‌ಪೆಕ್ಟರ್.

"ಒಡೀಲಿ ಅಂತ ಹಾಕಿಲ್ಲ ಸಾರ್. ತೊಟ್ಟಿಕ್ಲಿ ಅಂತ ಹಾಕ್ಯಾರೆ. ಹೊಸಾ ಪೈಪ್ ಅಂತ ನಂಬಿದೋರು ಐದು ಲೀಟರ್ ಡಬ್ಬ ಯಾಕೆ ಇಟ್ಕಂತಾರೆ? ದಾರೀಲಿ ಎರಡು ಸಲ ಇಳಿದು, ನೇರ ಆ ಪೈಪಿನ ಕೆಳಗೇ ಬಗ್ಗಿ ನೋಡಿ, ಆಯಿಲ್ ಹುಯ್ಕಂಡು ಬಂದವ್ರೆ. ನಮ್ಗೆ ಮಾತ್ರ ಎಲ್ಲೂ ನಿಲ್ಲಿಸಿಲ್ಲ ಅಂದ್ರು."

ಎಣ್ಣೆ ಹೊತ್ತ ಪೈಪು ಎಣ್ಣೆಗೆ ಆಗದೆ ಇರುತ್ತದೆಯೇ ಎಂದುಕೊಂಡದ್ದೇ ತಪ್ಪಾಯಿತು. ಅದು ಹುಟ್ಟಾ ಎಣ್ಣೆ ಮಿಲ್ಲಿನವನೇ ಮಾಡಬಹುದಾದ ತಪ್ಪು. ಮಿಲ್ಲಿನ ಎಣ್ಣೆ ತಣ್ಣಗೆ, ನಿಧಾನಕ್ಕೆ ಹರಿಯುತ್ತದೆ. ಇಂಜಿನ್ ಆಯಿಲಿನ ಕಾವು, ಒತ್ತಡ ಎರಡೂ ಬೇರೆ. ಸಾಲದ್ದಕ್ಕೆ ದಿನಾ ಬೆಳಗ್ಗೆ ಕಾರಿನ ಶೆಡ್ಡಿಗೆ ಹೋಗಿ ಅರ್ಧ ಗಂಟೆ ಇಂಜಿನ್ ಚಾಲೂ ಇಡುವ ರೂಢಿ ಅವನಿಗಿತ್ತು. ರಬ್ಬರು ಎರಡೇ ದಿನದಲ್ಲಿ ನೆನೆದು ಮೆತ್ತಗಾಯಿತು.

ಬೊಮ್ಮಲಿಂಗಪ್ಪ ಕಂಬದ ಕಡೆ ತಿರುಗಿದ. ಮಾತಾಡಿದ್ದು ಪೊಲೀಸರೊಂದಿಗಲ್ಲ.

"ಸೋರೋ ಕಾರು ನಂಗ್ಯಾಕಪ್ಪ, ನೀನೇ ಇಟ್ಕ ಅಂತೀಯ ಅಂದ್ಕಂಡೆ ಅಕ್ಕ. ಅದಿಲ್ದೆ ಆ ಖಾಲಿ ಶೆಡ್ಡಿಗೆ ಹೆಂಗೆ ಹೋಗ್ಲಿ ನಾನು?"

ಶಾರದಮ್ಮನ ಕಣ್ಣು ತುಂಬಿತು, ದನಿ ಮಾತ್ರ ನಡುಗಲಿಲ್ಲ.

"ಅಪ್ಪ ಅದ್ರಾಗೆ ಕೂರಿಸ್ಕಂಡು ನಂಗೆ ಓಡಿಸೋದು ಕಲಿಸಿದ್ದ ಕಣೋ ಲಿಂಗಾ. ಒಂದು ಸುತ್ತು ಹಾಕಿ, ಸಂಜೆಗೆ ನಿನ್ ಜತೆಗೇ ವಾಪಸ್ ಕಳ್ಸಣ ಅಂತಿದ್ದೆ."

ಬೊಮ್ಮಲಿಂಗಪ್ಪ ನೆಟ್ಟಗಿದ್ದ ಕೈಯಿಂದ ಮುಖ ಮುಚ್ಚಿಕೊಂಡ.

"ಈಗ ಕಳ್ಸಲ್ಲ," ಎಂದಳು ಶಾರದಮ್ಮ. "ಕಾರಿನ ಆಸೆಗಲ್ಲ. ನಿನ್ ತಪ್ಪು ಮುಚ್ಕಳಾಕೆ ಆ ರಾಜಣ್ಣನ್ನ ಜೈಲಿಗೆ ಕಳ್ಸಾಕೆ ಹೊಂಟಿದ್ಯಲ್ಲ, ಅದಕ್ಕೆ."

*

ಬೊಮ್ಮಲಿಂಗಪ್ಪನ ಮೇಲೆ ಸುಳ್ಳು ದೂರಿನ ಕೇಸನ್ನು ಸಬ್ ಇನ್ಸ್‌ಪೆಕ್ಟರ್ ತನ್ನ ಕೈಯಾರೆ ಬರೆದ. ರಾಜಣ್ಣನ ಹತ್ತಿರ ಬಂದು ತಪ್ಪಾಯಿತು ಎಂದೂ ಹೇಳಿದ, ಸ್ವಲ್ಪ ಮೆಲ್ಲಗೆ.

ಒಂದು ವಾರ ಬಿಟ್ಟು ಠಾಣೆಯ ಅಂಗಳದಿಂದ ಕಾರು ಹೊರಟಿತು. ಮುಂದೆ ಟ್ರ್ಯಾಕ್ಟರ್, ನಡುವೆ ಹಗ್ಗ. ಟ್ರ್ಯಾಕ್ಟರನ್ನು ಅಳಿಯನಿಗೆ ಬಿಟ್ಟು ಶಾರದಮ್ಮ ಕಾರಿನ ಸ್ಟೀರಿಂಗ್ ಹಿಡಿದು ಕೂತಿದ್ದಳು. ಪಕ್ಕದ ಸೀಟಿನಲ್ಲಿ ರಾಜಣ್ಣ. ಇಂಜಿನ್ ಪೂರ್ತಿ ಬಿಚ್ಚಬೇಕು, ಆರು ತಿಂಗಳು ಹಿಡಿಯುತ್ತದೆ ಎಂದು ಅವನು ಹೇಳಿದ್ದ. ನಮ್ಮ ಅಂಗಳದಲ್ಲೇ ಬಿಚ್ಚು, ನೇಲ್ ಪಾಲಿಶ್ ನಾನೇ ತಂದಿಡುತ್ತೇನೆ ಎಂದು ಅವಳು ಹೇಳಿದ್ದಳು.

ರಾಂಪುರದ ಅಂಗಡಿಯವರೆಲ್ಲ ಹೊರಗೆ ಬಂದು ನಿಂತು ನೋಡಿದರು. ಕಾರು ತಿರುವಿನಲ್ಲಿ ಮರೆಯಾದ ಮೇಲೆ ಜುಂಜಣ್ಣ ಅಭ್ಯಾಸಬಲದಿಂದ ರಸ್ತೆಯನ್ನು ನೋಡಿದ. ಒಂದು ಹನಿಯೂ ಬಿದ್ದಿರಲಿಲ್ಲ.