ಮುಟ್ಟುವ ಮೊದಲಿನ ಹನ್ನೊಂದು ಸೆಕೆಂಡು

ಗೋಡೆಯ ಮೇಲಿನ ಪುಟ್ಟ ದೀಪ ಹಳದಿಯಿಂದ ಹಸಿರಿಗೆ ತಿರುಗಿತು. ಹಾಸಿಗೆಯಲ್ಲಿ ಮಲಗಿದ್ದ ಸುಮಂಗಲಾ ಅವರಿಗೆ ಈಗ ಹಿತವಾಗಿದೆ ಎಂದು ಅದರ ಅರ್ಥ. ಏಳು ವರ್ಷದ ಹಿಂದೆ ಲಕ್ವ ಹೊಡೆದು ಅವರ ಮಾತು ಹೋಗಿತ್ತು, ಕೈಕಾಲು ಹೋಗಿದ್ದವು; ಕಣ್ಣುರೆಪ್ಪೆ ಕೂಡ ಅವರ ಮಾತು ಕೇಳುತ್ತಿರಲಿಲ್ಲ. ಅವರ ಪರವಾಗಿ ಈಗ ಮಾತನಾಡುತ್ತಿದ್ದುದು ಮೈಕೆಳಗಿನ ಚಾದರ.

ನೋಡಲು ಅದು ಸಾದಾ ಹತ್ತಿಯ ಚಾದರ. ನೂಲಿನ ನಡುವೆ ಮಾತ್ರ ಕೂದಲಿಗಿಂತ ತೆಳುವಾದ ಸಂವೇದಿ ಎಳೆಗಳಿದ್ದವು. ಎದೆಬಡಿತ, ಉಸಿರು, ಸ್ನಾಯುಗಳ ಬಿಗಿತ, ಚರ್ಮದ ಬೆವರು ಇವನ್ನೆಲ್ಲ ಅಳೆದು, ಮಲಗಿದವರು ಎಷ್ಟು ನಿರಾಳವಾಗಿದ್ದಾರೆಂದು ಅವು ಕ್ಷಣಕ್ಷಣಕ್ಕೂ ಹೇಳುತ್ತಿದ್ದವು. 2058ರ ಹೊತ್ತಿಗೆ ಎಷ್ಟೋ ಮನೆಗಳಲ್ಲಿ ಈ 'ನೆಮ್ಮದಿ ಚಾದರ' ಬಂದಿತ್ತು. ಅದನ್ನು ಕಂಡುಹಿಡಿದ ಡಾ. ಭೂಮಿಕಾ ಅಂಗಡಿ ಅದಕ್ಕೆ ಇನ್ನೊಂದು ಕೆಲಸವನ್ನೂ ಒಪ್ಪಿಸಿದ್ದರು: ಆರೈಕೆ ಮಾಡುವವರಿಗೆ ಅಂಕ ಕೊಡುವುದು. ಕೈ ಮುಟ್ಟಿದ ಕ್ಷಣದಿಂದ ರೋಗಿಯ ನಿರಾಳತೆ ಎಷ್ಟು ಏರಿತೋ ಅಷ್ಟು ಅಂಕ. ಒಳ್ಳೆಯ ಕೈಗಳನ್ನು ಗುರುತಿಸಿ ಗೌರವಿಸಬೇಕೆಂಬುದು ಅವರ ಆಸೆ. ಆಸೆಯೇನೋ ಒಳ್ಳೆಯದೇ ಇತ್ತು.

ಆದರೆ ಬೆಟಗೇರಿಯ ಈ ಮನೆಯ ಅಂಕ ನೋಡಿ ಅವರೇ ಹುಬ್ಬೇರಿಸಿದ್ದರು. ಸುಮಂಗಲಾ ಅವರ ಗಂಡ, ನೇಕಾರ ವಿರೂಪಾಕ್ಷಪ್ಪನವರಿಗೆ ನೂರಕ್ಕೆ ಎಂಬತ್ತೆಂಟು ಅಂಕ. ಐದು ವರ್ಷದಿಂದ ದಿನಾ ಬಂದು ಆರೈಕೆ ಮಾಡುತ್ತಿದ್ದ ಮುಬೀನಾ ಅವರಿಗೆ ಬರೀ ಮೂವತ್ತನಾಲ್ಕು. ನಲವತ್ತಕ್ಕಿಂತ ಕಡಿಮೆ ಬಂದವರನ್ನು ಬಿಡಿಸಿ, ಅವರ ಬದಲು ಎತ್ತಿ ಮಲಗಿಸುವ ಯಂತ್ರದ ತೋಳನ್ನು ಕೊಡಬೇಕೆಂಬುದು ಆರೈಕೆ ಇಲಾಖೆಯ ನಿಯಮ. ಸೋಮವಾರ ತೋಳು ಬರುವುದಿತ್ತು. ವಿರೂಪಾಕ್ಷಪ್ಪ ಇಲಾಖೆಗೆ ಒಂದಲ್ಲ, ನಾಲ್ಕು ಪತ್ರ ಬರೆದು ಜಗಳ ತೆಗೆದಿದ್ದರು. ಅದಕ್ಕೇ ಶುಕ್ರವಾರ ಬೆಳಿಗ್ಗೆ ಭೂಮಿಕಾ ಖುದ್ದಾಗಿ ಬಂದಿದ್ದರು.

"ಮೇಡಂ, ನನ್ನ ಕೈ ನೋಡ್ರಿಲ್ಲೆ," ಎಂದು ವಿರೂಪಾಕ್ಷಪ್ಪ ಎರಡೂ ಅಂಗೈ ಚಾಚಿದರು. "ಐವತ್ತು ವರ್ಷ ಮಗ್ಗ ಹೊಡದ ಕೈ, ಉಸುಕಿನ ಕಾಗದ ಆದಂಗ ಆಗೇತಿ. ಇದಕ್ಕ ಎಂಬತ್ತೆಂಟಂತ! ಮುಬೀನಾಗ ಮೂವತ್ನಾಕಂತ! ನಿಮ್ಮ ಚಾದರಕ್ಕ ತಲಿ ಕೆಟ್ಟೈತಿ ನೋಡ್ರಿ."

"ಸುಮ್ನಿರ್ರಿ ಕಾಕಾ," ಎಂದರು ಮುಬೀನಾ. ನಗಲು ನೋಡಿದರು, ಆಗಲಿಲ್ಲ. "ಯಂತ್ರಕ್ಕ ನನ್ನ ಮ್ಯಾಲೆ ಸಿಟ್ಟ ಐತೇನ್ರಿ? ನನ್ನ ಕೈಯಾಗ ಏನೋ ಕಡಿಮಿ ಇರಬೇಕು."

ಆ ಮಾತು ಭೂಮಿಕಾ ಅವರಿಗೆ ಚುಚ್ಚಿತು. "ದಿನಾ ಹೆಂಗ ಮಾಡ್ತೀರಿ, ಹಂಗ ಮಾಡ್ರಿ. ನಾ ನೋಡ್ತೀನಿ," ಎಂದರು.

ಮುಬೀನಾ ಹಾಸಿಗೆಯ ಬಳಿಗೆ ಹೋದರು, ಆದರೆ ಮುಟ್ಟಲಿಲ್ಲ. ಎರಡೂ ಅಂಗೈಗಳನ್ನು ಸರಸರನೆ ಉಜ್ಜತೊಡಗಿದರು. "ಕಾಕಿ, ಕೈ ಬೆಚ್ಚಗ ಮಾಡ್ಕೊಳ್ಳಾಕತ್ತೀನ್ರಿ. ಈಗ ಎಡಗಡಿ ಹೊಳ್ಳಿಸ್ತೀನಿ, ಅಂಜಬ್ಯಾಡ್ರಿ ಮತ್ತ."

ದೀಪ ಹಸಿರಾಯಿತು. ಮುಬೀನಾ ಅವರ ಕೈ ಇನ್ನೂ ಗಾಳಿಯಲ್ಲೇ ಇತ್ತು. ಅದಾದ ಮೇಲೆ ಮುಟ್ಟಲು ಹನ್ನೊಂದು ಸೆಕೆಂಡು ಹಿಡಿಯಿತು.

"ಇದು ಯಂತ್ರದ ಎಡವಟ್ಟು, ಲೆಕ್ಕಕ್ಕ ಬರಂಗಿಲ್ಲ," ಎಂದರು ಭೂಮಿಕಾ. ಮುಟ್ಟುವ ಮೊದಲೇ ಪರದೆಯ ಮೇಲಿನ ನಿರಾಳತೆಯ ಗೆರೆ ಏರಿದರೆ ಅದನ್ನು ತಪ್ಪು ಸಂಕೇತವೆಂದು ಕೈಬಿಡುವಂತೆ ಅವರೇ ಸೂತ್ರ ಬರೆದಿದ್ದರು.

"ಮುಟ್ಟಿದ ಮ್ಯಾಲಿಂದಷ್ಟ ಎಣಸ್ತೀರೇನು?" ವಿರೂಪಾಕ್ಷಪ್ಪ ನಕ್ಕರು. "ನೇಯೂ ಮೊದಲ ಹಾಸಿನ ಉದ್ದ ಎಳಿ ಒಂದೊಂದ ಕೂಡಿಸಿ ಮಗ್ಗಕ್ಕ ಏರಿಸೂದರಾಗ ನಮ್ಮ ಬೆನ್ನ ಮುರೀತೈತ್ರಿ. ನೋಡಾಕ ಬಂದವ್ರು ಲಾಳಿ ಆಡೂದಷ್ಟ ನೋಡಿ, ಇದ ಕೆಲಸ ಅಂತಾರ. ನೀವೂ ಹಂಗ ಮಾಡೀರಿ."

ಭೂಮಿಕಾ ತಟ್ಟನೆ ಕುರ್ಚಿಯಲ್ಲಿ ಕುಳಿತುಬಿಟ್ಟರು. ಮುಬೀನಾ ಮುಟ್ಟುವ ಹೊತ್ತಿಗೆ ಸುಮಂಗಲಾ ಆಗಲೇ ನಿರಾಳವಾಗಿರುತ್ತಿದ್ದರು. ಮುಂದೆ ಏರುವುದಕ್ಕೆ ಉಳಿದಿರುತ್ತಿದ್ದುದೇ ಅಷ್ಟಿಷ್ಟು. ವಿರೂಪಾಕ್ಷಪ್ಪ ಮಾತಿಲ್ಲದೆ ಬಂದು ಎತ್ತುತ್ತಿದ್ದರು. ಮೈ ಮೊದಲು ಬೆಚ್ಚಿ ಬಿಗಿದು, ಗಂಡನ ಕೈ ಎಂದು ತಿಳಿದ ಮೇಲೆ ಸಡಿಲವಾಗುತ್ತಿತ್ತು. ಸೂತ್ರ ಆ ಸಡಿಲಿಕೆಗೆ ಅಂಕ ಸುರಿಯುತ್ತಿತ್ತು. ಅಯ್ಯೋ ನನ್ನ ಬುದ್ಧಿಯೇ, ಎಂದು ಭೂಮಿಕಾ ಹಣೆ ಚಚ್ಚಿಕೊಂಡರು.

ಕೈಬಿಟ್ಟಿದ್ದನ್ನೆಲ್ಲ ಮತ್ತೆ ಸೇರಿಸಿ ಇಡೀ ತಿಂಗಳ ದಾಖಲೆ ತೆರೆದರು. ದಿನಾ ಬೆಳಿಗ್ಗೆ ಎಂಟಕ್ಕೆ, ಮುಬೀನಾ ಹೊಸ್ತಿಲ ಹೊರಗೆ ಚಪ್ಪಲಿ ಬಿಡುವ ಹೊತ್ತಿಗೇ ಗೆರೆ ಮೇಲೇರಿತ್ತು.

"ನಾ ಬಂದದ್ದು ಕಾಕಿಗೆ ಗೊತ್ತಾಗ್ತೈತೇನ್ರಿ?" ಮುಬೀನಾ ದುಪಟ್ಟಾ ಬಾಯಿಗೆ ಒತ್ತಿಕೊಂಡರು. "ಐದು ವರ್ಷ ಗ್ವಾಡಿ ಕೂಡ ಮಾತಾಡಿದಂಗ ಅನಸ್ತಿತ್ತು."

"ಗೊತ್ತಾಗ್ತೈತಿ. ದಿನಾ ಗೊತ್ತಾಗ್ತೈತಿ," ಎಂದರು ಭೂಮಿಕಾ. ಬಳಿಕ ಇನ್ನೊಂದು ಗೆರೆಯ ಮೇಲೆ ಬೆರಳಿಟ್ಟರು. "ಮಧ್ಯಾಹ್ನ ಎರಡರಿಂದ ಐದರ ತನಕ ಪೂರಾ ಹಸಿರು. ಆವಾಗ ಹತ್ರ ಯಾರ ಇರ್ತಾರ?"

ವಿರೂಪಾಕ್ಷಪ್ಪ ತಲೆ ತಗ್ಗಿಸಿದರು. "ಯಾರೂ ಇಲ್ರಿ. ನಾ ಮುಂದಿನ ಖೋಲ್ಯಾಗ ನೇಯ್ಕೋತ ಕುಂತಿರ್ತೀನಿ. ಆಕಿನ್ನ ಒಬ್ಬಾಕಿನ್ನ ಬಿಟ್ಟು ಕುಂದ್ರೂದು ತಪ್ಪು, ನಂಗೊತ್ತೈತಿ..."

"ಮಗ್ಗ ನಿಂತ ಕೂಡ್ಲೆ ಗೆರಿ ಇಳೀತೈತಿ, ಇಲ್ಲೆ ನೋಡ್ರಿ. ಅವ್ರು ಮಗ್ಗದ ಸಪ್ಪಳ ಕೇಳ್ಕೋತ ಆರಾಮ ಮಲಗಿರ್ತಾರ."

ಏಳು ವರ್ಷ ತಪ್ಪಿತಸ್ಥರಂತೆ ನೇಯ್ದ ಹಿರಿಯರು ಮೂಗು ಒರೆಸಿಕೊಂಡರು. "ಮದಿವ್ಯಾದ ಹೊಸದಾಗ ಇದ ಸಪ್ಪಳಕ್ಕ ನಿದ್ದಿ ಬರಂಗಿಲ್ಲಂತ ದಿನಾ ಜಗಳಾ ತಗೀತಿದ್ಲ್ರಿ!" ಎಂದು ಹೆಂಡತಿಯ ಕಡೆ ನೋಡಿ ನಕ್ಕುಬಿಟ್ಟರು. ಮುಬೀನಾ ಕೂಡ ನಕ್ಕರು. ದೀಪ ಹಸಿರಾಗಿಯೇ ಇತ್ತು.

ಭೂಮಿಕಾ ಅಲ್ಲೇ ಕುಳಿತು ಇಲಾಖೆಗೆ ಬರೆದರು. ಅಂಕ ಕೊಡುವ ಸೂತ್ರವನ್ನೇ ಹಿಂದಕ್ಕೆ ಪಡೆದಿದ್ದೇನೆ, ತಪ್ಪು ನನ್ನದು. ಸೋಮವಾರ ತೋಳು ಬರಲಿ, ಮುಬೀನಾ ಅವರ ಸೊಂಟಕ್ಕೆ ಆಸರೆಯಾಗಲಿ. ಅವರ ಜಾಗಕ್ಕೆ ಬೇಡ. ಒಂದು ಗಂಟೆಯೊಳಗೆ ಒಪ್ಪಿಗೆಯ ಉತ್ತರ ಬಂತು. ಚಹಾ ಕುಡಿಯದೆ ಹೋಗಲು ಯಾರೂ ಬಿಡಲಿಲ್ಲ.

ಹುಬ್ಬಳ್ಳಿಯ ರೈಲು ಹತ್ತಿದಾಗ ಭೂಮಿಕಾ ಅವರ ಮನಸ್ಸು ಹಗುರಾಗಿತ್ತು. ಅಣ್ಣನ ಹೆಂಡತಿಗೆ ಫೋನು ಹಚ್ಚಿದರು. ಮರೆವಿನ ಕಾಯಿಲೆಯ ಅಪ್ಪನನ್ನು ಆರು ವರ್ಷದಿಂದ ನೋಡಿಕೊಳ್ಳುತ್ತಿರುವುದು ಆಕೆಯೇ. ಅಪ್ಪ ಉಂಡರಾ, ಔಷಧಿ ಕೊಟ್ಟಿರಾ: ವಾರಕ್ಕೊಮ್ಮೆ ಈ ಎರಡು ಪ್ರಶ್ನೆ ಕೇಳಿ ಭೂಮಿಕಾ ಫೋನು ಇಡುತ್ತಿದ್ದರು.

"ವೈನಿ, ನೀವು ಆರಾಮ ಇದ್ದೀರಿಲ್ಲೋ? ನಿಮ್ಮ ಊಟ ಆತೇನು?"

ಇದನ್ನು ಕೇಳಲು ಯಾವ ಚಾದರವೂ ಬೇಕಿರಲಿಲ್ಲ. ಫೋನು ಅವರ ಅಜ್ಜಿಯ ಕಾಲದಲ್ಲೇ ಇತ್ತು.

ಆ ಕಡೆಯಿಂದ ಗಾಬರಿಯ ದನಿ ಬಂತು: "ಮಾವಾರು ಆರಾಮ ಅದಾರ, ಭೂಮಿ. ನನ್ನ ಸುದ್ದಿ ಯಾಕ ಕೇಳ್ತೀಯವ್ವಾ... ಏನರ ಆತೇನು?"