ನೆಲ ಗುಡಿಸಿ ಹೋದ ಕಳ್ಳ

ಕ್ಯಾಮೆರಾ ಇತ್ತು. ಒಳಗೆ ಮೆಮೊರಿ ಕಾರ್ಡ್ ಇರಲಿಲ್ಲ.

ಸಂಪ್ರೀತ್ ಕ್ಯಾಮೆರಾದ ಸಣ್ಣ ಬಾಗಿಲನ್ನು ಮೂರು ಸಲ ತೆರೆದು ಮುಚ್ಚಿದ. ನಾಲ್ಕನೇ ಸಲ ಬಾಯಿಯಿಂದ ಊದಿದ. ಊದಿದರೆ ಕಾರ್ಡ್ ಹುಟ್ಟುವುದಿಲ್ಲ ಎಂದು ಅವನಿಗೂ ಗೊತ್ತಿತ್ತು.

"ಭವಿತಾ, ಕಾರ್ಡ್ ನೀನು ತೆಗೆದಿಟ್ಟದ್ದಾ?"

"ನಾನೆಂತಕ್ಕೆ ತೆಗೀಲಿ? ನಿನ್ನೆ ಐದು ಗಂಟೆಗೆ ಬೀಗ ಹಾಕಿದ್ದು ನೀನಲ್ವಾ ಮಾರಾಯ?"

ಗಂಟೆ ಒಂಬತ್ತು. ಪುತ್ತೂರಿನ ಆ ಕಾಲೇಜಿನ ಹಿಂದುಗಡೆಯ ಹಳೇ ಲ್ಯಾಬು ಒಂದು ವಾರದಿಂದ ಇವರಿಬ್ಬರ ಸ್ಟುಡಿಯೋ. ಕೃಷ್ಣಮೋಹನ ಸರ್ ಕೊಟ್ಟ ಕೆಲಸ ಸಣ್ಣದು. ಇಡೀ ಸಿನಿಮಾ ಬೇಡ, ಥ್ರಿಲ್ಲರಿನ ಮೊದಲ ಎರಡು ನಿಮಿಷ ಸಾಕು. ಗೆದ್ದ ತಂಡದ್ದು ಅಂತರ ಕಾಲೇಜು ಉತ್ಸವಕ್ಕೆ ಹೋಗುತ್ತದೆ. ಇವತ್ತು ಸಂಜೆ ನಾಲ್ಕಕ್ಕೆ ಕೊಡಬೇಕು. ಶೂಟ್ ಮಾಡಿದ್ದೆಲ್ಲ ಆ ಕಾರ್ಡಿನಲ್ಲಿ. ಬೇರೆ ಕಾಪಿ ಇಲ್ಲ.

"ಇನ್ನೊಂದು ಸಹ ಇಲ್ಲ, ನೋಡು," ಎಂದಳು ಭವಿತಾ.

ಶೂಟಿಂಗಿಗೆ ಅಂತ ಗೋಡೆಗೆ ಹಾಕಿದ್ದ ಫೋಟೋ ಮಾಯವಾಗಿತ್ತು. ಫ್ರೇಮ್ ಸಮೇತ. ಅದರ ಮೇಲೆ ಹಾಕಿದ್ದ ಗಂಧದ ಮಾಲೆ ಮಾತ್ರ ಮೊಳೆಯಲ್ಲಿ ನೀಟಾಗಿ ನೇತಾಡುತ್ತಿತ್ತು.

"ಕಳ್ಳನಿಗೆ ಸ್ಟೈಲ್ ಉಂಟು," ಎಂದ ಸಂಪ್ರೀತ್. ಆದರೆ ಸ್ವರ ಇಳಿದಿತ್ತು.

*

ಸಂಪ್ರೀತನ ಚರಿತ್ರೆ ಸ್ವಲ್ಪ ಹೇಳಬೇಕು. ಅವನು ಬಾಯಿ ತೆರೆದರೆ ಡೈಲಾಗ್. ಕ್ಯಾಂಟೀನಿನಲ್ಲಿ ಬನ್ಸ್ ಕೇಳುವಾಗಲೂ ಗಡಸು ಸ್ವರ. ಕಳೆದ ವರ್ಷ ನೋಟಿಸ್ ಬೋರ್ಡಿನಲ್ಲಿ ಸುಳ್ಳು ರಜೆ ಹಾಕಿ ಅರ್ಧ ಕಾಲೇಜನ್ನು ಬಸ್‌ಸ್ಟ್ಯಾಂಡಿನಿಂದಲೇ ವಾಪಸ್ ಕಳಿಸಿದವನು. ಸರ್ ಅವರ ಸ್ಕೂಟರನ್ನು ಹುಡುಗಿಯರ ಹಾಸ್ಟೆಲಿನೆದುರು ನಿಲ್ಲಿಸಿದವನು. ಹಾಗಾಗಿ ಅವನು ಸ್ಟಾಫ್ ರೂಮಿಗೆ ಓಡಿ "ಸರ್, ಕಳ್ಳತನ" ಎಂದಾಗ ಕೃಷ್ಣಮೋಹನ ಸರ್ ಚಾ ಲೋಟದಿಂದ ತಲೆ ಎತ್ತಲಿಲ್ಲ.

"ಸಂಪ್ರೀತ್, ಕೆಲಸ ಮುಗೀಲಿಲ್ಲ ಅಂತ ಸೀದಾ ಹೇಳಿದ್ರೆ ಒಂದು ದಿನ ಕೊಡ್ತಿದ್ದೆ. ಈ ನಾಟಕ ಬೇಡ."

"ನಾಟಕ ಅಲ್ಲ ಸರ್. ದೇವರಾಣೆ."

"ಸ್ಕೂಟರ್ ಹೋದಾಗ ಸಹ ದೇವರಾಣೆ ಹಾಕಿದ್ದಿ."

ಅದು ನಿಜ. ಹಾಕಿದ್ದ.

ಹೊರಗೆ ಬಂದು ಭವಿತಾಳಿಗೆ ಹೇಳಿದ, "ಜೀವನದಲ್ಲಿ ಒಂದೇ ಒಂದು ಕೆಲಸ ಮನಸ್ಸಿಟ್ಟು ಮಾಡಿದ್ದು. ಅದನ್ನೇ ಯಾರೂ ನಂಬುದಿಲ್ಲ. ಕಳ್ಳನನ್ನು ಹಿಡಿದು ಎಲ್ಲರ ಎದುರು ನಿಲ್ಲಿಸ್ಬೇಕು. ಆಗ ಗೊತ್ತಾಗ್ತದೆ."

"ಮೊದಲು ಕಾರ್ಡ್ ಹುಡುಕುವ. ನಿಲ್ಲಿಸುದು ಮತ್ತೆ."

ಅವಳು ಹೇಳಿದ್ದನ್ನು ಅವನು ಕೇಳಬಹುದಿತ್ತು.

*

ಮೊದಲ ಅನುಮಾನ ಸುಜಯ್ ಮೇಲೆ. ಇನ್ನೊಂದು ತಂಡದ ನಿರ್ದೇಶಕ. ಬೆಳಿಗ್ಗೆ ಎಂಟಕ್ಕೇ ಬ್ಯಾಗ್ ಹಾಕಿ ಗೇಟಿನಲ್ಲಿ ಕಂಡಿದ್ದನಂತೆ. ಥ್ರಿಲ್ಲರಿನಲ್ಲಿ ಮೊದಲು ಕಂಡವನು ಕಳ್ಳ ಆಗುವುದಿಲ್ಲ. ಆದರೂ ಸಂಪ್ರೀತ್ ಅವನನ್ನು ಮೆಟ್ಟಿಲಲ್ಲಿ ಅಡ್ಡಹಾಕಿದ.

"ಎಂಟರಿಂದ ಒಂಬತ್ತು ಎಲ್ಲಿದ್ದಿ? ಸುಳ್ಳು ಹೇಳಿದ್ರೆ ಕಣ್ಣು ಹೇಳ್ತದೆ!"

"ನಿನ್ನ ಮಂಡೆ. ಬಸ್‌ಸ್ಟ್ಯಾಂಡಲ್ಲಿದ್ದೆ. ನನ್ನ ಓಪನಿಂಗಲ್ಲಿ ಮೊದಲು ಶಬ್ದ, ಮತ್ತೆ ದೃಶ್ಯ. ಹಾರ್ನ್ ರೆಕಾರ್ಡ್ ಮಾಡ್ಲಿಕ್ಕೆ ಹೋದದ್ದು."

ಅವನು ಫೋನಿನಲ್ಲಿ ರೆಕಾರ್ಡಿಂಗ್ ಹಾಕಿದ. ಹಾರ್ನ್. ಮೇಲಿಂದ ಮೈಕಿನಲ್ಲಿ ಎಂಟೂವರೆಯ ಸುಬ್ರಹ್ಮಣ್ಯ ಬಸ್ಸಿನ ಕೂಗು. ಅದರ ನಡುವೆ ಸುಜಯ್‌ನದೇ ಕೆಮ್ಮು. ಅದಾದ ಮೇಲೆ ಒಂಬತ್ತರ ತನಕ ಬಸ್ಸುಗಳ ಬ್ರೇಕ್, ಕಂಡಕ್ಟರನ ಸೀಟಿ, ಮತ್ತೆ ಕೆಮ್ಮು.

"ಸಾಕಾ? ಇನ್ನೂ ಉಂಟು, ಕಡ್ಲೆ ಮಾರುವವನದ್ದು," ಎಂದು ಸುಜಯ್ ನಕ್ಕ. "ನಿನ್ನ ಕಾರ್ಡ್ ನೀನೇ ಅಡಗಿಸಿದ್ದು ಮಾರಾಯ. ಇಡೀ ಕಾಲೇಜು ಹಾಗೇ ಹೇಳ್ತಾ ಉಂಟು."

ವಾಚ್‌ಮ್ಯಾನ್ ಹತ್ತಿರವೂ ಕೇಳಿದರು. ಲ್ಯಾಬಿನ ಕೀ ಯಾರು ತೆಗೆದದ್ದು?

"ಯಾರೂ ತೆಗೀಲಿಲ್ಲ. ಗುಡಿಸ್ಲಿಕ್ಕೆ ಕೀ ಗೊಂಚಲು ತಗೊಂಡು ಹೋಗಿ ತಂದು ಇಟ್ಟದ್ದು, ಅಷ್ಟೇ."

ಸಂಪ್ರೀತ್ ಲ್ಯಾಬಿಗೆ ವಾಪಸ್ ಬಂದು ಬಾಗಿಲಲ್ಲೇ ನಿಂತ. ಬಾಗಿಲಿಗೆ ಅವನೇ ಅಂಟಿಸಿದ ಕಾಗದ: 'ಶೂಟಿಂಗ್ ಇದೆ. ಗುಡಿಸಬೇಡಿ.' ಬೆರಳಚ್ಚಿನ ಶಾಟಿಗೆ ಅಂತ ಟಾಲ್ಕಂ ಪೌಡರ್ ಚೆಲ್ಲಿದ್ದರು. ಅದು ಒಂದು ವಾರ ನೆಲದ ಮೇಲೆ ಹಾಗೆಯೇ ಬಿದ್ದಿತ್ತು.

ಇವತ್ತು ನೆಲ ಲಕಲಕ.

ಬಾಗಿಲಿನ ಹಿಂದೆ ನೋಡಿದ. ಪೌಡರಿನ ಪುಟ್ಟ ರಾಶಿ, ಮೇಲೆ ಎರಡು ಚಾಕಲೇಟ್ ಕಾಗದ. ಪ್ರತಿದಿನ ಪ್ರತಿ ಕ್ಲಾಸಿನಲ್ಲಿ ಕಾಣುವ ರಾಶಿ. ಎಲ್ಲ ಕೋಣೆ ಮುಗಿಸಿ ಕೊನೆಗೆ ಒಟ್ಟಿಗೆ ಬಾಚಿಕೊಂಡು ಹೋಗುವ ಒಬ್ಬರ ಕ್ರಮ ಅದು.

ಅವನ ಎದೆ ಡಬಡಬ ಹೊಡೆಯಿತು. ಖುಷಿಯಿಂದ.

"ಭವಿತಾ, ಸೆಮಿನಾರ್ ಹಾಲಿಗೆ ಎಲ್ಲರನ್ನೂ ಕರಿ. ಹನ್ನೆರಡು ಗಂಟೆಗೆ. ಸರ್ ಸಹ ಬರ್ಬೇಕು. ಬೇರೆ ಕಾರ್ಡ್ ಹಾಕಿ ನೀನು ಕ್ಯಾಮೆರಾ ಓಡಿಸು."

"ಯಾರಂತ ನನಗೆ ಹೇಳು ಮೊದಲು."

"ಸಸ್ಪೆನ್ಸ್!"

*

ಹಾಲಿನಲ್ಲಿ ನಲವತ್ತು ಮಂದಿ. ಕಿಟಕಿ ಮುಚ್ಚಿಸಿ ಒಂದೇ ಲೈಟ್ ಹಾಕಿಸಿದ್ದ. ಕೃಷ್ಣಮೋಹನ ಸರ್ ಕೈಕಟ್ಟಿ ಮುಂದಿನ ಸಾಲಿನಲ್ಲಿ. ಕುರ್ಚಿ ಕಮ್ಮಿಯಾಯಿತೆಂದು ಕರೆಸಿದ್ದ ಪರಮೇಶ್ವರಿಯಕ್ಕ ಎರಡು ಕುರ್ಚಿ ಹಿಡಿದು ಬಾಗಿಲ ಹತ್ತಿರ.

ಪರಮೇಶ್ವರಿಯಕ್ಕ ಕಾಲೇಜಿನ ಕಸ ಗುಡಿಸುವವರು. ಕಡಬದಿಂದ ಮೊದಲ ಬಸ್ಸಿಗೆ ಬರುತ್ತಾರೆ. ಹಿಡಿಸೂಡಿ ಹಿಡಿದು ಎದುರು ಸಿಕ್ಕಿದಾಗೆಲ್ಲ, "ಎಂತ ಹೀರೋ, ಇವತ್ತಿನ ಡೈಲಾಗ್ ಎಂತ?" ಎಂದು ಕೇಳುವ ಒಂದೇ ಜೀವ. ಅವನು ಸ್ವಂತ ಕಟ್ಟಿದ ಒಂದು ಡೈಲಾಗ್ ಅವರಿಗೆ ಭಾರಿ ಇಷ್ಟ. ವಾರಕ್ಕೆರಡು ಸಲ ಹೇಳಿಸುತ್ತಿದ್ದರು: 'ಹೇಳಿ ಹೋಗುವವನು ನೆಂಟ. ಹೇಳದೆ ಹೋದವನು ವಾಪಸ್ ಬಂದೇ ಬರ್ತಾನೆ!'

"ಕ್ಯಾಮೆರಾ ಬಿಟ್ಟು ಕಾರ್ಡ್ ಮಾತ್ರ ಕದ್ದ ಕಳ್ಳ," ಶುರು ಮಾಡಿದ ಸಂಪ್ರೀತ್, ಗಡಸು ಸ್ವರದಲ್ಲಿ. "ಅಂದ್ರೆ ಕಾರ್ಡಲ್ಲಿ ಎಂತ ಉಂಟು ಅಂತ ಅವನಿಗೆ ಗೊತ್ತು. ಕ್ಲೂ ಒಂದು. ಬೀಗ ಒಡೀಲಿಲ್ಲ. ಕೀ ಯಾರೂ ತೆಗೀಲಿಲ್ಲ ಅಂತ ವಾಚ್‌ಮ್ಯಾನ್ ಹೇಳ್ತಾರೆ. ಯಾಕಂದ್ರೆ ದಿನಾ ಕೀ ತೆಗೆಯುವವರು ಯಾರ ಲೆಕ್ಕಕ್ಕೂ ಇಲ್ಲ. ಕ್ಲೂ ಎರಡು. ಮೂರನೇದ್ದು ಕೇಳಿ. ಕಳ್ಳ ನೆಲ ಗುಡಿಸಿ ಹೋಗಿದ್ದಾನೆ! ಕಸ ಬಾಗಿಲ ಹಿಂದೆ ರಾಶಿ ಮಾಡಿದ್ದಾನೆ. ಈ ಕಾಲೇಜಲ್ಲಿ ಹಾಗೆ ಮಾಡುವವರು ಒಬ್ಬರೇ. ಕಳ್ಳ ಈ ಹಾಲಲ್ಲೇ ಇದ್ದಾನೆ. ಅಲ್ಲ, ಇದ್ದಾಳೆ!"

ಲೈಟನ್ನು ಬಾಗಿಲ ಕಡೆ ತಿರುಗಿಸಿದ.

ಚಪ್ಪಾಳೆ ಬಿತ್ತು. ಸೀಟಿ ಸಹ. ಸುಜಯ್ ಕೂಡ ಎದ್ದು ನಿಂತು ತಟ್ಟಿದ. ಸಂಪ್ರೀತ್ ಅಷ್ಟು ಚಪ್ಪಾಳೆ ಯಾವತ್ತೂ ಕೇಳಿರಲಿಲ್ಲ.

ಪರಮೇಶ್ವರಿಯಕ್ಕ ಬೆಳಕಿಗೆ ಕಣ್ಣು ಕಿರಿದು ಮಾಡಿದರು. ಕುರ್ಚಿಗಳನ್ನು ಮೆಲ್ಲ ಕೆಳಗಿಟ್ಟರು. ಸೆರಗಿನ ಗಂಟು ಬಿಚ್ಚಿ, ಮಡಿಸಿದ ಒಂದು ಕಾಗದದ ತುಂಡನ್ನು ಸರ್ ಕೈಗೆ ಕೊಟ್ಟರು. ಒಳಗೆ ಕಾರ್ಡ್ ಇತ್ತು.

"ಫೋಟೋ ಎಲ್ಲಿ?" ಸರ್ ಕೇಳಿದರು.

"ಅದು ಕೊಡುದಿಲ್ಲ."

"ಅದು ಹುಡುಗರ ಸಾಮಾನು ಅಲ್ವಾ ಪರಮೇಶ್ವರಿ?"

"ಅಲ್ಲ ಸರ್. ಅದು ನಮ್ಮವರು." ಅವರು ಸಂಪ್ರೀತನ ಕಡೆ ತಿರುಗಿದರು. "ಮಗ, ಅವರು ಸತ್ತ ಸುದ್ದಿ ನಿನಗೆ ಯಾರು ಹೇಳಿದ್ದು?"

ಚಪ್ಪಾಳೆ ನಿಂತಿತು.

"ಯಾರೂ ಹೇಳ್ಲಿಲ್ಲ ಅಕ್ಕ... ಅದು ಸಿನಿಮಾಕ್ಕೆ..."

"ಮತ್ತೆ ಮಾಲೆ ಹಾಕಿದ್ದಿ?"

ಮಾಲೆ ಹಾಕಿದ್ದು ಅವನದೇ ಐಡಿಯಾ. ಥ್ರಿಲ್ಲರಿನ ಓಪನಿಂಗಿನಲ್ಲಿ ಯಾರೋ ಸತ್ತಿದ್ದಾರೆ ಎಂದು ಮಾತಿಲ್ಲದೆ ಹೇಳಬೇಕು. ಫೋಟೋಕ್ಕೊಂದು ಮಾಲೆ, ಎದುರು ಒಂದು ಕೆಂಪು ಬಲ್ಬು, ಮುಗಿಯಿತು. ನಮ್ಮೂರಿನಲ್ಲಿ ಯಾರಿಗೂ ಬೋರ್ಡ್ ಬರೆದು ತಿಳಿಸಬೇಕಾಗಿಲ್ಲ. ಮನೆಯ ಫೋಟೋಕ್ಕೆ ಹಾಕಿದರೆ ಅಮ್ಮ ಬಿಡುತ್ತಾರಾ? ಅದಕ್ಕೆ ಕುಂಬ್ರದ ಕಿಟ್ಟಣ್ಣನ ಸ್ಟುಡಿಯೋಕ್ಕೆ ಹೋದ. ಅಂಗಡಿ ಮುಚ್ಚುವ ತಯಾರಿಯಲ್ಲಿದ್ದ ಕಿಟ್ಟಣ್ಣ, ಯಾರೂ ತೆಗೆದುಕೊಂಡು ಹೋಗದ ಫೋಟೋಗಳ ಡಬ್ಬ ತೋರಿಸಿ "ಬೇಕಾದ್ದು ತಗೋ" ಎಂದಿದ್ದರು. ಒಂದು ಕವರಿನಿಂದ ಒಂದು ಮುಖ ಆರಿಸಿ ದೊಡ್ಡದು ಮಾಡಿಸಿದ. 'ಪಕ್ಕಾ ಸತ್ತವನ ಮುಖ' ಎಂದು ಭವಿತಾಳೆದುರು ತಮಾಷೆ ಬೇರೆ ಮಾಡಿದ್ದ. ನಿನ್ನೆ ಸಂಜೆ ಅದನ್ನು ಗೋಡೆಗೆ ಹಾಕಿ ಕೊನೆಯ ಶಾಟ್ ತೆಗೆದಿದ್ದರು.

"ಲಾರಿಯಲ್ಲಿ ಕ್ಲೀನರ್ ಆಗಿದ್ದರು," ಪರಮೇಶ್ವರಿಯಕ್ಕ ಯಾರ ಮುಖವನ್ನೂ ನೋಡದೆ ಹೇಳಿದರು. "ಸಂಪಾಜೆ ದಾಟಿ ಮಡಿಕೇರಿಗೆ ಹೋದದ್ದು. ಚಾ ಕುಡಿದು ಬರ್ತೇನೆ ಅಂತ ಇಳಿದವರು ಬರ್ಲೇ ಇಲ್ಲ. ಹನ್ನೊಂದು ವರ್ಷ ಆಯ್ತು. ಪೊಲೀಸ್ ಸ್ಟೇಷನಿನಲ್ಲಿ ಫೋಟೋ ಕೇಳಿದ್ರು. ಮದುವೆದ್ದು ಇದ್ದದ್ದು ಒಂದು, ಗೆದ್ದಲು ತಿಂದಿತ್ತು. ಫೋಟೋ ಇಲ್ಲದೆ ಹುಡುಕುದು ಹೇಗೆ ಅಂತ ಅವರು ಕೇಳಿದ್ರು. ನಾನೆಂತ ಹೇಳ್ಲಿ?"

"ಇವತ್ತು ಬೆಳಿಗ್ಗೆ ಬಾಗಿಲಿನ ಗಾಜಿಂದ ಕಂಡದ್ದು. ಹನ್ನೊಂದು ವರ್ಷದ ಮೇಲೆ ಮುಖ ನೋಡಿದೆ. ಮಾಲೆ ಹಾಕಿದ ಮುಖ. ಮಾಲೆ ತೆಗ್ದೆ. ಇಡೀ ಸಿನಿಮಾ ಈ ಉಗುರಿನಷ್ಟು ಕಾರ್ಡಲ್ಲಿ ಉಂಟು, ಊರಿಡೀ ನೋಡ್ತದೆ ಅಂತ ನೀನೇ ತೋರಿಸಿದ್ದಲ್ವಾ ಮೊನ್ನೆ? ಹೇಗೆ ತೆಗೆಯುದು ಅಂತ ಸಹ ತೋರಿಸಿದ್ದಿ. ಬಾವಿಗೆ ಬಿಸಾಡುವ ಅಂತ ಕಟ್ಟೆವರೆಗೆ ಹೋದೆ. ಅವರು ಅದರೊಳಗೆ ಇದ್ದಾರಲ್ಲ? ಕೈ ಬರ್ಲಿಲ್ಲ."

"ನೆಲ ಯಾಕೆ ಗುಡಿಸಿದ್ದು ಅಕ್ಕ?" ಭವಿತಾ ಮೆಲ್ಲ ಕೇಳಿದಳು. ಅವಳು ಕ್ಯಾಮೆರಾ ಯಾವಾಗಲೋ ಆಫ್ ಮಾಡಿದ್ದಳು.

"ಪೌಡರಲ್ಲಿ ನನ್ನ ಹೆಜ್ಜೆ ಬಿತ್ತು. ಹೀರೋ ಬೈದಾನು ಅಂತ."

ಮೊಳೆಯಲ್ಲಿ ನೀಟಾಗಿ ನೇತಾಡುತ್ತಿದ್ದ ಮಾಲೆಯೂ ಒಂದು ಕ್ಲೂ ಆಗಿತ್ತು. ಎಲ್ಲವನ್ನೂ ಹೇಳಿದ್ದೇ ಅದು. ಸಂಪ್ರೀತ್ ಅದನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ.

"ಆ ಶಾಟ್ ಈಗಲೇ ಡಿಲೀಟ್ ಮಾಡ್ತೇನೆ ಅಕ್ಕ. ನಿಮ್ಮೆದುರೇ."

"ಬೇಡ ಮಗ, ಅಳಿಸ್ಬೇಡ." ಅವರು ಸರ್ ಕೈಯಲ್ಲಿದ್ದ ಕಾರ್ಡನ್ನು ನೋಡಿದರು. "ಮಾಲೆ ಮಾತ್ರ ತೆಗೀಲಿಕ್ಕೆ ಆಗ್ತದಾ?"

*

ಎಡಿಟಿಂಗಲ್ಲಿ ಸರಿ ಮಾಡುವ. ಒಂದು ವಾರದಿಂದ ಸಂಪ್ರೀತ್ ಹೇಳುತ್ತಿದ್ದ ಮಾತು. ಬೆಳಕು ಹೆಚ್ಚಾಯಿತೇ, ಎಡಿಟಿಂಗಲ್ಲಿ ಸರಿ ಮಾಡುವ. ನಾಯಿ ಬೊಗಳಿತೇ, ಎಡಿಟಿಂಗಲ್ಲಿ ಸರಿ ಮಾಡುವ.

ಕಂಪ್ಯೂಟರಿನ ಮುಂದೆ ಕೂತು ಒಂದೊಂದೇ ಫ್ರೇಮಿನಿಂದ ಮಾಲೆ ಒರೆಸತೊಡಗಿದ. ಬಲ್ಬು ಮಿಣುಕುವ ಶಾಟ್ ಅದು. ಒಂದು ಫ್ರೇಮಿನ ಬಣ್ಣ ಇನ್ನೊಂದಕ್ಕೆ ಕೂಡುವುದಿಲ್ಲ. ಮಾಲೆ ಹೋದಲ್ಲಿ ಮಾಲೆಯ ಆಕಾರದ ಮಸುಕು ಉಳಿಯಿತು. ಅದನ್ನು ಒರೆಸಿದರೆ ಅಂಗಿಯ ಕಾಲರ್ ಹೋಯಿತು. ಮತ್ತೂ ಒರೆಸಿದರೆ ಗಲ್ಲ.

"ನಾಲ್ಕಕ್ಕೆ ಹತ್ತು ನಿಮಿಷ ಉಂಟು," ಎಂದಳು ಭವಿತಾ. "ಆ ಶಾಟ್ ಬಿಟ್ಟು ಕೊಡುವನಾ?"

ಅವನು ತಲೆ ಅಲ್ಲಾಡಿಸಿದ. ನಾಲ್ಕು ದಾಟಿತು. ಸುಜಯ್‌ನ ಹಾರ್ನ್ ಉತ್ಸವಕ್ಕೆ ಹೋಯಿತು.

ಚಾರ್ಜರ್ ಹುಡುಕಲು ಬ್ಯಾಗಿಗೆ ಕೈ ಹಾಕಿದಾಗ ಅದು ಸಿಕ್ಕಿತು. ಕಿಟ್ಟಣ್ಣನ ಸ್ಟುಡಿಯೋದ ಹಳದಿ ಕವರ್. ಅವತ್ತು ಒಂದು ಫೋಟೋ ಎಳೆದು ದೊಡ್ಡದು ಮಾಡಿಸಿ, ವಾಪಸ್ ಅದರೊಳಗೇ ಹಾಕಿ, ಕವರನ್ನು ನೋಡದೆ ಬ್ಯಾಗಿಗೆ ತುರುಕಿದ್ದ. ಕವರಿನ ಮೇಲೆ ಪೆನ್ಸಿಲಿನಲ್ಲಿ ಬರೆದಿತ್ತು: 'ಸೇಸಪ್ಪ, ಕಡಬ. ಲೈಸನ್ಸಿಗೆ. ಆರು ಕಾಪಿ. ಮಂಗಳವಾರ ಬರುತ್ತಾರೆ.'

ಭವಿತಾ ಓದಿದಳು. ಕವರನ್ನು ಅವನ ಕೈಗೇ ವಾಪಸ್ ಇಟ್ಟಳು. ಬೈದಿದ್ದರೆ ಒಳ್ಳೆಯದಿತ್ತು.

*

ಮರುದಿನ ಕಾಲೇಜಿನಲ್ಲಿ ಬೇರೊಬ್ಬ ಹೆಂಗಸು ಗುಡಿಸುತ್ತಿದ್ದಳು. ಸಂಪ್ರೀತ್ ಕ್ಲಾಸಿಗೆ ಹೋಗಲಿಲ್ಲ. ಸೀದಾ ಕಡಬದ ಬಸ್ಸು ಹತ್ತಿದ.

ಪರಮೇಶ್ವರಿಯಕ್ಕ ಬಿಡಾರದ ಅಂಗಳ ಗುಡಿಸುತ್ತಿದ್ದರು. ಒಳಗೆ ಗೋಡೆಯಲ್ಲಿ ಆ ಫೋಟೋ. ಮಾಲೆ ಇಲ್ಲ, ದೀಪ ಇಲ್ಲ. ಪಕ್ಕದ ಮೊಳೆಯಲ್ಲಿ ಕ್ಯಾಲೆಂಡರ್.

"ಅಕ್ಕ, ಸರ್ ಹತ್ತಿರ ಮಾತಾಡಿದೆ. ಯಾರೂ ಕಂಪ್ಲೇಂಟ್ ಕೊಡುದಿಲ್ಲ. ನೀವು ಬನ್ನಿ."

"ಬರ್ಲಿಕ್ಕೆ ಆಗುದಿಲ್ಲ ಮಗ." ಅವರ ಸ್ವರದಲ್ಲಿ ಸಿಟ್ಟಿರಲಿಲ್ಲ. "ಎಲ್ಲರೂ ಚಪ್ಪಾಳೆ ತಟ್ಟಿದ್ರಲ್ಲ?"

ಅವನು ಕವರ್ ಕೊಟ್ಟ. ಅವರು ಹಿಡಿಸೂಡಿ ಕೆಳಗಿಟ್ಟು, ಕೈಯನ್ನು ಸೀರೆಗೆ ಒರೆಸಿ, ಒಂದೊಂದೇ ಫೋಟೋ ತೆಗೆದು ಜಗಲಿಯ ಮೇಲಿಟ್ಟರು. ಆರು ಸೇಸಪ್ಪ. ಆರೂ ಒಂದೇ ಹಾಗೆ, ಹೊಸ ಅಂಗಿ ಹಾಕಿ, ನಗಬೇಕೋ ಬೇಡವೋ ಎಂಬ ಮುಖ.

"ಲೈಸನ್ಸ್ ಮಾಡಿಸ್ತೇನೆ ಅಂತ ಹೇಳಿದ್ದು ಹೌದು," ಎಂದರು. "ಫೋಟೋ ತೆಗೆಸಿದ್ದು ಹೇಳ್ಲಿಲ್ಲ. ಆವಾಗ ಇದು ಇದ್ದಿದ್ರೆ..."

ಒಂದನ್ನು ಆರಿಸಿ ಕವರಿಗೆ ಹಾಕಿದರು. ಸ್ಟೇಷನಿಗಂತೆ. ನಾಳೆ ಕೊಟ್ಟು ಬರುತ್ತಾರಂತೆ.

"ನಾನೂ ಬರ್ತೇನೆ ಅಕ್ಕ."

"ಬಾ." ಉಳಿದ ಐದನ್ನು ಒಟ್ಟು ಮಾಡಿದರು. "ಹೀರೋ, ಆ ಡೈಲಾಗ್ ಹೇಳು ನೋಡುವ. ವಾಪಸ್ ಬರುವವನದ್ದು."

ಅದನ್ನು ಅವನು ಕ್ಯಾಂಟೀನಿನಲ್ಲಿ ಕೂತು ಬನ್ಸ್ ತಿನ್ನುತ್ತಾ ಸುಮ್ಮನೆ ಕಟ್ಟಿದ್ದು. ಅವರು ವಾರಕ್ಕೆರಡು ಸಲ ಯಾಕೆ ಹೇಳಿಸುತ್ತಿದ್ದರು ಎಂದು ಒಂದು ದಿನವೂ ಕೇಳಿರಲಿಲ್ಲ.

ಗಡಸು ಸ್ವರ ಬರಲಿಲ್ಲ. ಕೈ ಮೇಲೇಳಲಿಲ್ಲ. ಮೆಲ್ಲಗೆ, ಪಾಠ ಒಪ್ಪಿಸುವವನ ಹಾಗೆ ಹೇಳಿದ. "ಹೇಳಿ ಹೋಗುವವನು ನೆಂಟ. ಹೇಳದೆ ಹೋದವನು... ವಾಪಸ್ ಬಂದೇ ಬರ್ತಾನೆ."

ಪರಮೇಶ್ವರಿಯಕ್ಕ ಒಳಗಿನ ಗೋಡೆಯ ಕಡೆ ತಿರುಗಿದರು.

"ಕೇಳಿತಾ?" ಎಂದರು.