ತಂಗಿ ಅನ್ನಬೇಡ ನನ್ನ!

"ಯಾವ ಊರು? ಯಾರ ಮನೆ ಮಗಳು ನೀವು?"

ಆ ಗಟ್ಟಿ ದನಿಗೆ ಬೆಗಿಮಾಯ್ ಚಹಾ ಬಟ್ಟಲು ಕೆಳಗಿಟ್ಟು ತಲೆ ಎತ್ತಿದಳು.

ರಾಜಧಾನಿ ಬಿಷ್ಕೆಕ್‌ನ ಆ ಸಭಾಂಗಣದಲ್ಲಿ ಹೋಟೆಲಿನವರು, ಕಸುಬುದಾರರು ಪರಸ್ಪರ ಪರಿಚಯ ಮಾಡಿಕೊಳ್ಳಲೆಂದೇ ಸೇರಿದ್ದರು. ಬೆಳಗ್ಗೆಯಿಂದ ಅವಳು ಆರು ಜನರಿಗೆ ಕಾರ್ಡು ಕೊಟ್ಟಿದ್ದಳು. ಆರೂ ಜನ "ನೋಡೋಣ" ಅಂದು ಬೆನ್ನು ತಿರುಗಿಸಿದ್ದರು. ತನ್ನ ಹಳ್ಳಿ ಕೊಚ್ಕೋರ್‌ನ ಹನ್ನೆರಡು ಹೆಂಗಸರು ಉಣ್ಣೆ ತುಳಿದು ಹೊಲಿದ ಶಿರ್ದಾಕ್ ಹಾಸುಗಳನ್ನು ಅವಳು ಮೇಜಿನ ಮೇಲೆ ಹರಡಿ ಕೂತಿದ್ದಳು. ಈ ಸಲವೂ ಯಾರೂ ಕೇಳದಿದ್ದರೆ ಅವರ ಕೆಲಸದ ಮನೆಗೆ ಬೀಗ!

ಹೊರಡುವಾಗ ಆ ಹೆಂಗಸರಲ್ಲಿ ಹಿರಿಯಳಾದ ದಾಮಿರಾ ಅಕ್ಕ ಹೇಳಿ ಕಳಿಸಿದ್ದಳು: "ಹೋದ ತಕ್ಷಣ ಮಾಲಿನ ಮಾತು ಎತ್ತಬೇಡ ಕಣೇ. ಊರು ಕೇಳು, ಮನೆತನ ಕೇಳು. ಎಲ್ಲಾದ್ರೂ ಒಂದು ನಂಟು ಸಿಕ್ಕೇ ಸಿಗುತ್ತೆ. ನಂಟಸ್ತರಿಗೆ ಯಾರು ಇಲ್ಲ ಅಂತಾರೆ?"

"ಕೊಚ್ಕೋರ್‌ನವಳು," ಅಂದಳು ಬೆಗಿಮಾಯ್. "ನೀವು ಯಾರ ಪೈಕಿ?"

"ನಾನು ಎರ್ಮೆಕ್. ಇಸಿಕ್-ಕುಲ್ ಸರೋವರದ ದಡದಲ್ಲಿ ಅತಿಥಿಗೃಹ ನಡೆಸ್ತೀನಿ. ನಾವು ತೊಕ್ಟೋಬಾಯ್ ಮನೆತನ. ಆ ಅಜ್ಜನಿಂದ ನಾನು ನಾಲ್ಕನೇ ತಲೆಮಾರು."

"ಅಯ್ಯೋ! ನಾವೂ ಅದೇ ಮನೆತನ!"

ಬಾಯಿಂದ ಜಾರಿಯೇ ಬಿಟ್ಟಿತು... ಅಪ್ಪಟ ಸುಳ್ಳು! ಅವಳ ಹಿರಿಯರು ದೂರದ ತಲಾಸ್ ಕಡೆಯವರು.

ಎರ್ಮೆಕ್‌ನ ಮುಖ ಅರಳಿತು. "ಹಾಗಾದ್ರೆ ನೀನು ನನಗೆ ತಂಗಿ ಆಗ್ಬೇಕು!"

ಹುಚ್ಚು ಹುಡುಗಿ! ಏಳು ತಲೆಮಾರಿನೊಳಗೆ ಒಬ್ಬನೇ ಅಜ್ಜ ಸಿಕ್ಕರೆ ಅವರ ಜನರಲ್ಲಿ ಮದುವೆಯ ಮಾತೇ ಇಲ್ಲ. ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಂಡಿದ್ದಾಳೆಂದು ಅವಳಿಗೆ ಅವತ್ತು ಹೊಳೆಯಲೇ ಇಲ್ಲ. ಎಲ್ಲ ಹಾಸುಗಳೂ ಬೇಕೆಂದು ಅವನು ಹೇಳಿದ್ದಷ್ಟೇ ಅವಳ ಕಿವಿಗೆ ಬಿದ್ದಿತ್ತು.

ಆಮೇಲೆ ಎರ್ಮೆಕ್ ಕೊಚ್ಕೋರ್‌ಗೆ ಬರತೊಡಗಿದ. ಬಣ್ಣ ಆರಿಸುವ ನೆಪ. ಪ್ಯಾಂಟು ಮಡಚಿಕೊಂಡು ಹೆಂಗಸರ ಜೊತೆ ಒದ್ದೆ ಉಣ್ಣೆಯ ಸುರುಳಿ ಒದೆಯುತ್ತಿದ್ದ, ಜಾರಿ ಬಿದ್ದು ತಾನೇ ಮೊದಲು ನಗುತ್ತಿದ್ದ. ಆ ನಗುವಿಗೆ ಬೆಗಿಮಾಯ್ ಸೋತುಹೋದಳು. ಅಷ್ಟರಲ್ಲೇ, "ತಂಗೀ, ಚಹಾ ಇದೆಯಾ?"

ಆ ಒಂದು ಮಾತಿಗೆ ಅವಳ ಎದೆ ಧಸಕ್ ಎನ್ನುತ್ತಿತ್ತು.

'ನಿಜ ಹೇಳಿಬಿಡಲಾ? ಹೇಳಿದರೆ ಹನ್ನೆರಡು ಮನೆಯ ಕೆಲಸ ಹೋಗುತ್ತದೆ. ಹೇಳದಿದ್ದರೆ... ಇವನು ಹೋಗುತ್ತಾನೆ!'

ಮೂರನೇ ತಿಂಗಳು ಅವನು ಬರುವುದನ್ನೇ ನಿಲ್ಲಿಸಿದ. ಮಾಲು ಒಯ್ಯಲು ಡ್ರೈವರ್ ಮಾತ್ರ ಬಂದ. ತನ್ನ ಸುಳ್ಳು ಗೊತ್ತಾಗಿಹೋಯಿತೆಂದು ಬೆಗಿಮಾಯ್ ಊಟ ಬಿಟ್ಟಳು.

ಕೊನೆಗೊಂದು ದಿನ ಅವನ ಫೋನು.

"ನಮ್ಮ ತಾತ ಮನೆತನದ ವಂಶಾವಳಿ ಬರೀತಿದ್ದಾರೆ. ನಿನ್ನ ಏಳು ತಲೆಮಾರಿನ ಅಪ್ಪಂದಿರ ಹೆಸರು ಬೇಕಂತೆ. ಭಾನುವಾರ ನಮ್ಮನೆಗೆ ಬಾ." ಕರೆ ಕಟ್ಟಾಯಿತು.

"ನಾಲ್ಕನೇ ಹೆಸರು ತೊಕ್ಟೋಬಾಯ್ ಅಂತ ಉರು ಹೊಡ್ಕೊಂಡು ಹೋಗೇ!" ದಾಮಿರಾ ಅಕ್ಕ ಕೈ ಹಿಡಿದುಕೊಂಡಳು. "ನಮ್ಮ ಗತಿ ನಿನ್ನ ನಾಲಿಗೆ ಮೇಲಿದೆ."

ಭಾನುವಾರ ಮಧ್ಯಾಹ್ನ. ತಾತ ಕನ್ನಡಕ ಏರಿಸಿ, ದಪ್ಪ ಪುಸ್ತಕ ತೆರೆದು ಕೂತಿದ್ದರು. ಎರ್ಮೆಕ್ ಕಿಟಕಿಯ ಬಳಿ ನಿಂತಿದ್ದ. ಎಷ್ಟು ಬಡವಾಗಿದ್ದಾನೆ! ಇವಳ ಕಡೆ ತಿರುಗಿಯೂ ನೋಡಲಿಲ್ಲ.

"ಹೇಳು ಮಗಳೇ."

"ಅಪ್ಪ ಸತಾರ್. ಅವರಪ್ಪ ಮುಕಾಯ್. ಅವರಪ್ಪ ಅಸನ್‌ಬಾಯ್..."

ತಾತನ ಪೆನ್ನು ಕಾಗದದ ಮೇಲೆ ಕಾಯುತ್ತಿತ್ತು. ಒಂದೇ ಒಂದು ಸುಳ್ಳು ಹೆಸರು... ಸಾಕು! ಆದರೆ ಆ ಪುಸ್ತಕದಲ್ಲಿ ಬರೆದುಬಿಟ್ಟರೆ ಅವಳು ಸಾಯುವವರೆಗೂ ಇವನ ತಂಗಿಯೇ.

ಅವಳು ಪೆನ್ನಿನಿಂದ ಕಣ್ಣು ಕಿತ್ತು ತಾತನ ಮುಖ ನೋಡಿದಳು.

"ಅವರಪ್ಪ ಕೆರಿಮ್. ಆಮೇಲೆ ದೋಲೋತ್, ಎಸೆನ್, ತುರ್ಗುನ್. ತಲಾಸ್‌ನವರು. ತೊಕ್ಟೋಬಾಯ್ ನಮಗೆ ಏನೂ ಆಗ್ಬೇಕಿಲ್ಲ ತಾತ... ನಾನು ಸುಳ್ಳು ಹೇಳಿದ್ದೆ!"

ಪೆನ್ನು ಕೆಳಗೆ ಬಿತ್ತು. ಎರ್ಮೆಕ್ ಬಾಗಿಲು ತಳ್ಳಿಕೊಂಡು ಹೊರಗೆ ಹೋದ.

ಅವಳು ಹಿಂದೆಯೇ ಓಡಿದಳು. ಏಪ್ರಿಕಾಟ್ ಮರದ ಕೆಳಗೆ ಅವನು ಬೆನ್ನು ತೋರಿಸಿ ನಿಂತಿದ್ದ.

"ನನ್ನನ್ನ ಬೈಯಿ. ಆದ್ರೆ ಆ ಹೆಂಗಸರ ಕೆಲಸ ಮಾತ್ರ ನಿಲ್ಲಿಸಬೇಡ. ಅವರೇನೂ ತಪ್ಪು ಮಾಡಿಲ್ಲ!"

"ಹಾಸು ತಗೊಂಡಿದ್ದು ಚೆನ್ನಾಗಿತ್ತು ಅಂತ ಕಣೇ!" ಅವನು ತಿರುಗಿದ. ಕಣ್ಣು ಕೆಂಪಾಗಿತ್ತು. "ನಿನ್ನ ಮೇಜಿನ ಸುತ್ತ ಎರಡು ಸಲ ಸುತ್ತಿ, ಆಮೇಲೆ ಮಾತಾಡಿಸಿದ್ದು ನಾನು. ನಂಟು ಯಾರಿಗೆ ಬೇಕಿತ್ತು?"

"ಮತ್ತೆ... ಬರೋದು ಯಾಕೆ ಬಿಟ್ಟೆ?"

"ತಂಗಿ ಮೇಲೆ ಮನಸ್ಸಾಯ್ತಲ್ಲ, ಅದಕ್ಕೆ!" ಅವನ ದನಿ ಒಡೆಯಿತು. "ನಾನೆಂಥ ಪಾಪಿ ಅಂತ ದಿನಾ ಕನ್ನಡಿ ನೋಡೋಕೂ ಹೆದರ್ತಿದ್ದೆ. ಇಷ್ಟು ದಿನ ನನ್ನ ಸುಟ್ಟುಬಿಟ್ಟೆ ಬೆಗಿಮಾಯ್!"

ಮೊದಲ ಸಲ ಅವನು ಅವಳನ್ನು ಹೆಸರು ಹಿಡಿದು ಕರೆದಿದ್ದ. ಅವಳು ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು.

"ನನಗೂ ನೀನು ಅಣ್ಣ ಆಗಿರ್ಲಿಲ್ಲ. ಒಂದು ದಿನಾನೂ ಆಗಿರ್ಲಿಲ್ಲ!"

ಅವನು ಅಂಗಿ ತೋಳಿನಿಂದ ಕಣ್ಣು ಒರೆಸಿಕೊಂಡ.

"ಕೋಪ ಇದೆ. ಅದು ಇವತ್ತೇ ಹೋಗಲ್ಲ." ನಿಧಾನವಾಗಿ ಅವಳ ಕೈಗಳನ್ನು ಮುಖದಿಂದ ಸರಿಸಿದ. "ಆ ಏಳು ಹೆಸರು ಇನ್ನೊಂದ್ಸಲ ಹೇಳು."

ಅವಳು ಬಿಕ್ಕುತ್ತಲೇ ಹೇಳಿದಳು. ಅವನು ಒಂದೊಂದಕ್ಕೂ ಒಂದೊಂದು ಬೆರಳು ಮಡಚಿದ. ಏಳರಲ್ಲಿ ಒಂದೂ ಅವನ ಮನೆಯದಲ್ಲ!

"ಎಂಟನೆಯವನನ್ನೂ ಕೇಳೋ ದಡ್ಡ!" ಕಿಟಕಿಯಿಂದ ತಾತ ಕೂಗಿದರು. "ಯಾವುದಕ್ಕೂ ಇರಲಿ!"

ಇಬ್ಬರಿಗೂ ಅಳುವಿನ ನಡುವೆಯೇ ನಗು ಬಂತು.

"ಬಾ ಒಳಗೆ, ತಂ..." ಅಭ್ಯಾಸಬಲ! ಎರ್ಮೆಕ್ ನಾಲಿಗೆ ಕಚ್ಚಿಕೊಂಡ.

ಬೆಗಿಮಾಯ್ ಅವನ ಬಾಯಿಗೆ ಕೈ ಅಡ್ಡ ಇಟ್ಟಳು.

"ಇನ್ನೊಂದ್ಸಲ ಹಾಗಂದ್ರೆ ನೋಡು!"

"ಮತ್ತೆ ಏನಂತ ಕರೀಲಿ?"

"ಒಳಗೆ ಹೋಗಿ ತಾತನ್ನೇ ಕೇಳು," ಅಂದಳು ತಲೆ ತಗ್ಗಿಸಿ. "ಪುಸ್ತಕ ಇನ್ನೂ ತೆರೆದೇ ಇದೆ."